ಸಣ್ಣ ಇಂಜಿನುಗಳ ಕಾರ್ಬುರೇಟರು: ದುರಸ್ತಿಗೆ ತಕ್ಕ ಭಾಗಗಳನ್ನು ಆರಿಸುವ ಕ್ರಮ

ದಕ್ಷಿಣ ಕನ್ನಡ ಜಿಲ್ಲೆಯ ಅಡಿಕೆ ತೋಟಗಳಿಗೆ ಕೊಳೆರೋಗವು ಬಹುಕಾಲದ ಶತ್ರುವು. ಇದನ್ನು ಮಹಾಳಿಯೆಂದೂ ಕರೆಯುವರು. ನೂರು ಲೀಟರು ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಪ್ರಮಾಣದಲ್ಲಿ ಸಿದ್ಧಪಡಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮೊದಲು ಒಂದಾವರ್ತಿಯೂ, ಅದಾದ 40-45 ದಿನಗಳಲ್ಲಿ ಮತ್ತೊಂದಾವರ್ತಿಯೂ ಗೊನೆಗಳಿಗೆ ಸಿಂಪಡಿಸುವುದೇ ಇದಕ್ಕೆ ತಕ್ಕ ಪ್ರತೀಕಾರವು. ಎರಡನೆಯ ಸಿಂಪರಣೆಗೆ ಮಳೆಯು ಬಿಡುವು ಕೊಡುವುದು ಕೆಲವೇ ದಿನ. ಆ ದಿನಗಳಲ್ಲಿ ಇಂಜಿನು ನಿಂತುಹೋದರೆ ವರ್ಷದ ಫಸಲಿಗೇ ಸಂಚಕಾರ ಬರುವುದು.

ಬೆನ್ನಿಗೆ ಹೊರುವ ಸಿಂಪರಣಾ ಯಂತ್ರ, ಹುಲ್ಲು ಸವರುವ ಯಂತ್ರ, ಮರ ಕೊಯ್ಯುವ ಗರಗಸ ಇವುಗಳಲ್ಲಿ ಹೆಚ್ಚಿನವು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಇಂಜಿನಿನಿಂದ ನಡೆಯುವಂಥವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ನಡೆಸುವುದೇ ಇದರ ಗುರುತು. ಇವು ಕೆಡುವುದಕ್ಕೆ ಸಾಮಾನ್ಯ ಕಾರಣವು ಕಾರ್ಬುರೇಟರಿನ ಒಳಗಿನ ಪೊರೆ, ಸೂಜಿ ಮೊದಲಾದ ಸಣ್ಣ ಭಾಗಗಳ ಸವೆತವು. ಅವುಗಳ ಬೆಲೆಯು ಅಲ್ಪವೇ ಸರಿ. ಆದರೆ ಆಯ್ಕೆ ತಪ್ಪಿದಲ್ಲಿ ಇಂಜಿನೇ ನಾಶವಾಗುವ ಸಂಭವವುಂಟು.

ತಪ್ಪು ಭಾಗದಿಂದಾಗುವ ಹಾನಿ

ಈ ಇಂಜಿನಿನಲ್ಲಿ ಉಜ್ಜುವ ಭಾಗಗಳಿಗೆ ಬೇಕಾದ ಎಣ್ಣೆಯು ಪೆಟ್ರೋಲಿನೊಡನೆಯೇ ಒಳಕ್ಕೆ ಹೋಗತಕ್ಕದ್ದು. ಕಾರ್ಬುರೇಟರು ಪೆಟ್ರೋಲನ್ನು ಕಡಿಮೆಯಾಗಿ ಬಿಟ್ಟರೆ ಎಣ್ಣೆಯೂ ಕಡಿಮೆಯಾಗುವುದು, ಉಷ್ಣವೂ ಏರುವುದು. ಇಂಥ ಇಂಜಿನು ಮೊದಲು ಚುರುಕಾಗಿ, ಎತ್ತರದ ಸದ್ದಿನಿಂದ ಓಡುವುದನ್ನು ಕಂಡು ಯಜಮಾನನು ದುರಸ್ತಿ ಚೆನ್ನಾಯಿತೆಂದು ಸಂತೋಷಪಡುವನು. ಸ್ವಲ್ಪ ಕಾಲದಲ್ಲಿಯೇ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಆದ್ದರಿಂದ, ಕೂರದಿರುವ ಭಾಗಕ್ಕಿಂತ ಸುಮಾರಾಗಿ ಕೂರುವ ತಪ್ಪು ಭಾಗವೇ ಹೆಚ್ಚು ಅಪಾಯಕರವೆಂದು ತಿಳಿಯತಕ್ಕದ್ದು.

ಬಿಚ್ಚುವ ಮೊದಲು ನೋಡಬೇಕಾದದ್ದು

ಇಂಜಿನು ನಿಂತ ಮಾತ್ರಕ್ಕೆ ಕಾರ್ಬುರೇಟರನ್ನು ಬಿಚ್ಚಲಾಗದು. ಟ್ಯಾಂಕಿನೊಳಗಿನ ಸೋಸುಕವು ಕಟ್ಟಿದೆಯೇ, ಪೆಟ್ರೋಲಿನ ಕೊಳವೆ ಬಿರಿದಿದೆಯೇ, ಟ್ಯಾಂಕಿಗೆ ಗಾಳಿ ಹೋಗುವ ರಂಧ್ರವು ಮುಚ್ಚಿದೆಯೇ ಎಂದು ನೋಡಬೇಕು. ಮುಚ್ಚಳವನ್ನು ಸಡಿಲಿಸಿದೊಡನೆ ಇಂಜಿನು ಸರಿಯಾಗಿ ಓಡಿದರೆ ದೋಷವು ಗಾಳಿಯ ದಾರಿಯಲ್ಲಿದೆಯೇ ಹೊರತು ಕಾರ್ಬುರೇಟರಿನಲ್ಲಿಲ್ಲ.

ಭಾಗಗಳನ್ನು ಆರಿಸುವ ಕ್ರಮ

1. ಜಾತಿಯನ್ನು ತಿಳಿಯುವುದು. ಕಾರ್ಬುರೇಟರುಗಳಲ್ಲಿ ಎರಡು ಜಾತಿಗಳುಂಟು. ಕೆಳಗೆ ಬಟ್ಟಲಿದ್ದು, ಅದರೊಳಗೆ ತೇಲುವ ಬುರುಡೆಯುಳ್ಳದ್ದು ಒಂದು. ಬೆನ್ನಿನ ಸಿಂಪರಣಾ ಯಂತ್ರಗಳಲ್ಲಿ ಇದು ಸಾಮಾನ್ಯ. ಬಟ್ಟಲಿಲ್ಲದೆ ಎರಡು ತೆಳು ಪೊರೆಗಳಿಂದ ಕೆಲಸಮಾಡುವುದು ಮತ್ತೊಂದು. ಹೇಗೆ ಓರೆಮಾಡಿದರೂ ಓಡಬೇಕಾದ ಗರಗಸ ಮತ್ತು ಹುಲ್ಲಿನ ಯಂತ್ರಗಳಲ್ಲಿ ಇದಿರುವುದು.

2. ಅಂಕೆಯನ್ನು ಓದುವುದು. ಯಂತ್ರದ ಹೆಸರು ಸಾಲದು. ಒಂದೇ ಹೆಸರಿನ ಯಂತ್ರಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕಾರ್ಬುರೇಟರುಗಳನ್ನು ಜೋಡಿಸಿರುವುದುಂಟು. ಕಾರ್ಬುರೇಟರಿನ ಮೈಯನ್ನು ಒರೆಸಿ ನೋಡಿದರೆ ತಯಾರಕರ ಹೆಸರೂ ಅಕ್ಷರಗಳೂ ಅಂಕೆಯೂ ಒತ್ತಿರುವುದು ಕಾಣುವುದು. ವಾಲ್‌ಬ್ರೊ ಕಂಪೆನಿಯವುಗಳಲ್ಲಿ 'ಡಬ್ಲ್ಯುಟಿ' ಎಂಬಂತೆಯೂ, ಜಾಮಾ ಕಂಪೆನಿಯವುಗಳಲ್ಲಿ 'ಸಿ1ಕ್ಯು' ಎಂಬಂತೆಯೂ ವರ್ಗದ ಅಕ್ಷರಗಳಿದ್ದು, ಅವುಗಳ ಜತೆಗೆ ಮಾದರಿಯ ಗುರುತಿರುವುದು. ಇವೆಲ್ಲವನ್ನೂ ಪೂರ್ತಿಯಾಗಿ ಬರೆದುಕೊಳ್ಳತಕ್ಕದ್ದು. ವರ್ಗವು ಒಂದೇ ಆದರೂ ಮಾದರಿ ಬೇರೆಯಾದರೆ ಪೊರೆಯ ಆಕಾರ ಬೇರೆಯಾಗಬಹುದು.

3. ಕಟ್ಟನ್ನು ಆರಿಸುವುದು. ದುರಸ್ತಿಯ ಭಾಗಗಳು ಎರಡು ಬಗೆಯ ಕಟ್ಟುಗಳಲ್ಲಿ ದೊರೆಯುವವು. ಪೊರೆ ಮತ್ತು ಗ್ಯಾಸ್ಕೆಟ್ಟುಗಳು ಮಾತ್ರ ಇರುವುದು ಮೊದಲನೆಯದು. ವಾಲ್‌ಬ್ರೊ ಇದಕ್ಕೆ 'ಡಿ' ಎಂದೂ ಜಾಮಾ 'ಜಿಎನ್‌ಡಿ' ಎಂದೂ ಗುರುತಿಡುವುವು. ಇವುಗಳ ಜತೆಗೆ ಸೂಜಿ, ಸನ್ನೆ, ಸ್ಪ್ರಿಂಗು, ಜರಡಿಗಳೂ ಇರುವುದು ಎರಡನೆಯದು. ಇದರ ಗುರುತು ಕ್ರಮವಾಗಿ 'ಕೆ' ಮತ್ತು 'ಆರ್‌ಬಿ'. ಪೊರೆಯು ಬಿರುಸಾಗಿ ಒತ್ತಿದಾಗ ಸದ್ದುಮಾಡುತ್ತಿದ್ದು, ಸೂಜಿಯ ತುದಿ ನುಣುಪಾಗಿದ್ದರೆ ಮೊದಲನೆಯದೇ ಸಾಕು. ಸೂಜಿಯ ತುದಿಯಲ್ಲಿ ಉಂಗುರದಂತಹ ಗೆರೆ ಬಿದ್ದಿದ್ದರೆ ಎರಡನೆಯದೇ ಬೇಕು.

4. ಹೋಲಿಸುವುದು. ಹಳೆಯ ಪೊರೆಯ ಮೇಲೆ ಹೊಸದನ್ನು ಇಟ್ಟು, ಪ್ರತಿಯೊಂದು ರಂಧ್ರವೂ ಸರಿಹೊಂದುವುದೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೊಸ ಸ್ಪ್ರಿಂಗು ಹಳೆಯದರಷ್ಟೇ ಉದ್ದವೂ ಗಡಸೂ ಆಗಿರಬೇಕು. ಕಾರ್ಬುರೇಟರನ್ನು ಇಂಜಿನಿಗೆ ಜೋಡಿಸುವೆಡೆಯ ಗ್ಯಾಸ್ಕೆಟ್ಟಿನಲ್ಲಿ ಒಂದು ಚಿಕ್ಕ ರಂಧ್ರವಿರುವುದುಂಟು. ಕ್ರಾಂಕಿನ ಪೆಟ್ಟಿಗೆಯ ಒತ್ತಡವು ಪೆಟ್ರೋಲನ್ನು ಎಳೆಯುವ ಪೊರೆಯನ್ನು ನಡೆಸಲು ಇದರ ಮೂಲಕವೇ ಬರುವುದು. ಗ್ಯಾಸ್ಕೆಟ್ಟು ತಿರುಗುಮುರುಗಾದರೆ ಈ ದಾರಿ ಮುಚ್ಚಿ, ಹೊಸ ಭಾಗಗಳಿದ್ದರೂ ಇಂಜಿನು ಓಡದು.

5. ಜೆಟ್ಟಿನ ವಿಷಯ. ಬಟ್ಟಲಿನ ಜಾತಿಯಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ಟಿನ ಮೇಲೆ ಅಂಕೆಯಿರುವುದು. ಕೆಲವು ತಯಾರಕರಲ್ಲಿ ಇದು ರಂಧ್ರದ ಅಳತೆಯನ್ನೂ, ಕೆಲವರಲ್ಲಿ ಹರಿವಿನ ಪ್ರಮಾಣವನ್ನೂ ಸೂಚಿಸುವುದು. ಆದಕಾರಣ ಅಂಕೆಯೊಂದೇ ಆದರೂ ಒಬ್ಬರ ಜೆಟ್ಟನ್ನು ಇನ್ನೊಬ್ಬರದಕ್ಕೆ ಹಾಕಲಾಗದು. ತಂತಿಯಿಂದ ಕೆರೆದರೆ ರಂಧ್ರ ಹಿಗ್ಗುವುದು. ಗಾಳಿ ಊದಿ ಶುಚಿಮಾಡುವುದೇ ಸರಿಯಾದ ಕ್ರಮ.

ಜೋಡಣೆ

ಬಿಚ್ಚುವಾಗಲೇ ಪೊರೆ ಗ್ಯಾಸ್ಕೆಟ್ಟುಗಳ ಅನುಕ್ರಮದ ಚಿತ್ರವನ್ನು ಬರೆದಿಡಬೇಕು. ಸನ್ನೆಯ ಎತ್ತರವು ಮಾದರಿಗೊಂದು ಬಗೆಯಾಗಿದ್ದು, ತಯಾರಕರ ಅಳತೆಪಟ್ಟಿಯಿಂದಲೇ ಸರಿಪಡಿಸತಕ್ಕದ್ದು. ಸನ್ನೆಯು ಎತ್ತರವಾದರೆ ಪೆಟ್ರೋಲು ತುಂಬಿ ಹರಿಯುವುದು. ತಗ್ಗಾದರೆ ಮೇಲೆ ಹೇಳಿದ ಕೊರತೆಯುಂಟಾಗುವುದು. ಬಾಗಿಲಿನ ಕಡ್ಡಿಯು, ಅಂದರೆ ಥ್ರಾಟಲಿನ ಅಚ್ಚು, ಸವೆದು ಅಲುಗಾಡುತ್ತಿದ್ದರೆ ಅಲ್ಲಿಂದ ಗಾಳಿ ಸೋರುವುದು. ಇದನ್ನು ಯಾವ ಕಟ್ಟೂ ಸರಿಪಡಿಸಲಾರದು. ಅದೇ ಅಂಕೆಯ ಪೂರ್ತಿ ಕಾರ್ಬುರೇಟರನ್ನು ಕೊಳ್ಳುವುದೇ ಲಾಭಕರವು.

ಈಗಿನ ಪೆಟ್ರೋಲು

2025ರ ವೇಳೆಗೆ ದೇಶದಲ್ಲೆಲ್ಲಾ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿತು. ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದು. ಮಂಗಳೂರು ಸೀಮೆಯ ತೇವದ ಹವೆಯಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಿಂದ ನೀರು ಬೇರೆಯಾಗಿ ತಳಕ್ಕಿಳಿಯಬಹುದು, ಹಳೆಯ ಬಗೆಯ ರಬ್ಬರು ಬಿರುಸಾಗಬಹುದು. ಆದುದರಿಂದ ಎಥನಾಲನ್ನು ತಾಳುವ ಪೊರೆಯನ್ನೇ ಕೇಳಿ ಕೊಳ್ಳಬೇಕು. ಯಂತ್ರವನ್ನು ಎತ್ತಿಡುವ ಮೊದಲು ಟ್ಯಾಂಕನ್ನು ಬರಿದುಮಾಡಿ, ಇಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಎಣ್ಣೆಯ ಪ್ರಮಾಣವನ್ನು ತಯಾರಕರು ಹೇಳಿದಂತೆಯೇ ಬೆರೆಸತಕ್ಕದ್ದು: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರು.

ಗ್ರಾಮದ ಮುಖಂಡರು ಮಾಡಬಹುದಾದದ್ದು

ಬೆಳ್ತಂಗಡಿ, ಸುಳ್ಯ ಮೊದಲಾದ ಕಡೆಯವರು ಒಂದು ಪೊರೆಗಾಗಿ ಮಂಗಳೂರು ಪೇಟೆಗೆ ಹೋಗಿ ಬರಲು ಒಂದು ದಿನವೇ ಹಿಡಿಯುವುದು. 'ಹುಲ್ಲಿನ ಯಂತ್ರದ ರಬ್ಬರು' ಎಂದು ಕೇಳಿ ತಂದದ್ದು ಸರಿಹೊಂದದಿದ್ದರೆ ಎರಡನೆಯ ದಿನವೂ ವ್ಯರ್ಥವಾಗುವುದು. ಪ್ರತಿ ಗ್ರಾಮದಲ್ಲಿ ಒಂದು ಪುಸ್ತಕವನ್ನಿಟ್ಟು, ಯಾರ ಯಾವ ಯಂತ್ರಕ್ಕೆ ಯಾವ ಅಂಕೆಯ ಕಾರ್ಬುರೇಟರು, ಅದಕ್ಕೆ ಯಾವ ಗುರುತಿನ ಕಟ್ಟು ಎಂಬುದನ್ನು ಬರೆಯಿಸಿಡುವುದು ಉತ್ತಮ. ಹೆಚ್ಚಾಗಿ ಬೇಕಾಗುವ ಕಟ್ಟುಗಳನ್ನು ಏಪ್ರಿಲ್ ತಿಂಗಳೊಳಗೆ ಸಹಕಾರ ಸಂಘದ ಮೂಲಕ ಒಟ್ಟಿಗೆ ತರಿಸಿಟ್ಟರೆ ಎಲ್ಲರಿಗೂ ಅನುಕೂಲವಾಗುವುದು. ಮಳೆಯು ಬಿಡುವು ಕೊಟ್ಟ ಬೆಳಿಗ್ಗೆ ಇಂಜಿನು ಓಡಬೇಕಾದರೆ ಅದಕ್ಕೆ ತಕ್ಕ ಏರ್ಪಾಡು ಬೇಸಗೆಯಲ್ಲಿಯೇ ಆಗಿರತಕ್ಕದ್ದು.