ಹಾಡುವವರು ನಡುವೆ ನಿಲ್ಲಬೇಕು

ಪ್ರಶ್ನೆ: ಹೊಸದಾಗಿ ಒಂದು ಜೊತೆ ಸ್ಪೀಕರ್ ಕೊಂಡೆ. ನಮ್ಮ ಹಾಲ್ 12 ಅಡಿ ಉದ್ದ, 10 ಅಡಿ ಅಗಲ. ಒಂದು ಸ್ಪೀಕರ್ ಟಿ.ವಿ. ಪಕ್ಕದಲ್ಲಿದೆ. ಇನ್ನೊಂದಕ್ಕೆ ಜಾಗ ಸಾಲದೆ ಮೂಲೆಯ ಷೋಕೇಸಿನ ಮೇಲೆ ಏರಿಸಿದ್ದೇನೆ. ಮೃದಂಗ ಬರೀ ಗುಂಯ್‌ಗುಡುತ್ತದೆ, ಹಾಡುವವರು ಎಲ್ಲೋ ಒಂದು ಬದಿಗೆ ಕೂತಂತೆ ಕೇಳಿಸುತ್ತದೆ. ಅಂಗಡಿಯಲ್ಲಿ ಹೀಗಿರಲಿಲ್ಲ. ಸ್ಪೀಕರ್ ಇಡುವ ಜಾಗದಿಂದ ಇಷ್ಟು ವ್ಯತ್ಯಾಸ ಆಗುತ್ತದೆಯೇ, ಇಲ್ಲ ನಾನು ಮೋಸ ಹೋದೆನೇ?

ಉತ್ತರ: ಮೋಸ ಹೋಗಿಲ್ಲ. ಮೊದಲು ಷೋಕೇಸಿನ ಮೇಲಿರುವುದನ್ನು ಕೆಳಗಿಳಿಸಿ, ಆಮೇಲೆ ಮಾತಾಡೋಣ.

ಎರಡು ಸ್ಪೀಕರ್ ಇರುವುದು ಶಬ್ದ ಜೋರಾಗಲಿ ಎಂದಲ್ಲ. ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲೂಮ್ಲಿನ್ 1931ರಲ್ಲಿ, ಮುಂದೆ ತಮ್ಮ ಹೆಂಡತಿಯಾಗಲಿದ್ದವರ ಜೊತೆ ಸಿನಿಮಾ ನೋಡುತ್ತಿದ್ದಾಗ, ನಟ ಪರದೆಯ ಈ ತುದಿಯಲ್ಲಿದ್ದರೆ ಅವನ ದನಿ ಇನ್ನೆಲ್ಲಿಂದಲೋ ಬರುತ್ತಿರುವುದು ಅವರಿಗೆ ಕಿರಿಕಿರಿಯಾಯಿತಂತೆ. ಅದೇ ಡಿಸೆಂಬರಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ನಾವು ಸ್ಟೀರಿಯೊ ಎನ್ನುವುದರ ಬಹುಪಾಲು ಆ ಕಾಗದದಲ್ಲೇ ಇದೆ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೋಗಿದ್ದ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ 38 ವರ್ಷ. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ.

ಸ್ಟೀರಿಯೊದ ಸೊಗಸೆಲ್ಲ ಒಂದು ಭ್ರಮೆ. ಎರಡೂ ಸ್ಪೀಕರ್‌ಗಳಿಂದ ಒಂದೇ ದನಿ, ಒಂದೇ ಕ್ಷಣಕ್ಕೆ, ಒಂದೇ ಪ್ರಮಾಣದಲ್ಲಿ ಬಂದರೆ ಮಿದುಳು ಅದನ್ನು ನಡುವಿನ ಖಾಲಿ ಜಾಗದಲ್ಲಿ ಕೂರಿಸುತ್ತದೆ. ಅಲ್ಲಿ ಯಾವ ಪೆಟ್ಟಿಗೆಯೂ ಇಲ್ಲ, ಹಾಡುಗಾರ ಮಾತ್ರ ಇದ್ದಾನೆ! ಈ ಭ್ರಮೆ ಬಲು ನಾಜೂಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಒಂದು ಅಡಿ ದಾಟಲು ಅದಕ್ಕೆ ಹೆಚ್ಚುಕಡಿಮೆ 0.9 ಮಿಲಿಸೆಕೆಂಡ್ ಬೇಕು. ನಿಮ್ಮ ಒಂದು ಸ್ಪೀಕರ್ ಇನ್ನೊಂದಕ್ಕಿಂತ ಒಂದೇ ಒಂದು ಅಡಿ ಹತ್ತಿರವಿದ್ದರೂ ಸಾಕು, ಹಾಡುಗಾರ ನಡುವಿನಿಂದ ಎದ್ದು ಆ ಸ್ಪೀಕರಿನೊಳಗೆ ಹೋಗಿ ಕೂರುತ್ತಾನೆ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ.

ಆದ್ದರಿಂದ ಅಳತೆ ಟೇಪ್ ತೆಗೆದುಕೊಳ್ಳಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನದ ಮೂರು ಮೂಲೆಗಳಾಗಬೇಕು. ನಿಮ್ಮ ಹಾಲಿಗೆ 6 ಅಡಿಯ ತ್ರಿಕೋನ ಸರಿಹೋಗುತ್ತದೆ. 10 ಅಡಿಯ ಗೋಡೆಯ ಮುಂದೆ, ಪಕ್ಕದ ಗೋಡೆಗಳಿಂದ ತಲಾ 2 ಅಡಿ ಬಿಟ್ಟು ಸ್ಪೀಕರ್ ಇಡಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕಿರಲಿ. ನಿಮ್ಮ ಕುರ್ಚಿ ಅವುಗಳ ಸಾಲಿನಿಂದ 5 ಅಡಿ ಚಿಲ್ಲರೆ ದೂರಕ್ಕೆ ಬರುತ್ತದೆ. ಹಾಲಿನ ನಡುವೆ ಕುರ್ಚಿಯೇ ಎಂದು ಮನೆಯವರು ಕೇಳಿದರೆ, ಕೇಳುವ ಒಂದು ಗಂಟೆ ಮಾತ್ರ ಎನ್ನಿ.

ಇನ್ನು ಮೃದಂಗದ ಗುಂಯ್. ಮಂದ್ರದ ಶಬ್ದ ಸ್ಪೀಕರಿನ ಮುಂದಕ್ಕಷ್ಟೇ ಅಲ್ಲ, ಸುತ್ತಲೂ ಹರಡುತ್ತದೆ. ಹತ್ತಿರದ ಗೋಡೆ ಅದನ್ನು ಹಿಂದಕ್ಕೆ ತಳ್ಳುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಬೇಸ್ 6 ಡೆಸಿಬೆಲ್‌ವರೆಗೂ ಏರಬಹುದು, ಮೂಲೆಯಲ್ಲಿ ಇನ್ನೂ ಹೆಚ್ಚು. ಇದು ಸಾಲದೆಂಬಂತೆ ಕೋಣೆಯೂ ತನ್ನ ಪಾಲಿನದನ್ನು ಸೇರಿಸುತ್ತದೆ. 47 ಹರ್ಟ್ಸ್ ಶಬ್ದದ ಅಲೆಯ ಉದ್ದ ಸುಮಾರು 24 ಅಡಿ. ಅದರ ಅರ್ಧ ನಿಮ್ಮ 12 ಅಡಿಯ ಹಾಲಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಅಂಥ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಯ ಬಳಿ ಉಬ್ಬು, ನಟ್ಟನಡುವೆ ತಗ್ಗು. ಇದರ ಎರಡರಷ್ಟು, ಮೂರರಷ್ಟಿನ ಶಬ್ದಗಳಿಗೂ ಬೇರೆ ಬೇರೆ ಜಾಗದಲ್ಲಿ ಇಂಥದೇ ಏರಿಳಿತ. ಸೋಫಾವನ್ನು ಗೋಡೆಗೆ ಆನಿಸಿ ಕೂತು ಕೇಳಿದರೆ ಮೃದಂಗದ ಎಡಮುಖದ, ಅಂದರೆ ತೊಪ್ಪಿಯ, ಗುಮ್ಕಿ ಬದಲು ಗೋಡೆಯ ಗುಮ್ಕಿ ಕೇಳಿಸುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ನಿಮ್ಮ ತಲೆ ಬೆನ್ನ ಹಿಂದಿನ ಗೋಡೆಯಿಂದ 5 ಅಡಿಗೂ ಮಿಕ್ಕಿ ದೂರವಿರುತ್ತದೆ. ನಟ್ಟನಡುವೆಯೂ ಅಲ್ಲ, ಗೋಡೆಗೂ ಅಂಟಿಲ್ಲ, ಸರಿಯಾಗಿದೆ.

ಎತ್ತರದ ಲೆಕ್ಕ ಸುಲಭ. ಸ್ಪೀಕರಿನಲ್ಲಿ ಚಿಕ್ಕದಾಗಿರುವ ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಇರಲಿ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಛೇರಿ ಕೇಳುವವರಾದರೆ ಅದಕ್ಕೆ ತಕ್ಕಂತೆ ಇಳಿಸಿ. ದುಬಾರಿ ಸ್ಟ್ಯಾಂಡೇ ಬೇಕೆಂದಿಲ್ಲ, ಅಲುಗಾಡದ ಎರಡು ಸಾಲಿಡ್ ಬ್ಲಾಕ್ ಸಾಕು.

ಚಪ್ಪಾಳೆ ತಟ್ಟಿ ನೋಡಿ. ಝಣ್ ಎಂದರೆ ಬರಿಗೋಡೆ, ಟೈಲ್ಸ್ ನೆಲದ ಕಾಟ ಇದೆ ಎಂದರ್ಥ. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಲು ಹೇಳಿ. ಸ್ಪೀಕರ್ ಕಾಣಿಸಿದ ಜಾಗದಲ್ಲೇ ಶಬ್ದವೂ ಗೋಡೆಗೆ ಬಡಿದು ನಿಮ್ಮತ್ತ ಬರುವುದು. ಅಲ್ಲಿ ದಪ್ಪ ಪರದೆ ಇಳಿಬಿಡಿ, ಇಲ್ಲವೇ ಪುಸ್ತಕದ ಕಪಾಟು ಇಡಿ. ನೆಲಕ್ಕೆ ಜಮಖಾನ.

ಎಲ್ಲ ಮುಗಿದ ಮೇಲೆ ಪಿ.ಬಿ. ಶ್ರೀನಿವಾಸ್ ಹಾಡಿದ 1960ರ ದಶಕದ ಒಂದು ಸಿನಿಮಾ ಹಾಡು ಹಾಕಿ. ಆ ಕಾಲದ ನಮ್ಮ ಹಾಡುಗಳು ಮೋನೊ, ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಶಬ್ದ. ದನಿ ನಡುವಿನ ಖಾಲಿ ಜಾಗದಿಂದ, ಒಂದೇ ಬಿಂದುವಿನಿಂದ ಬರಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಮತ್ತೆ ಅಳೆಯಿರಿ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ಹರಡಿಕೊಂಡು, ಬೇಸ್ ಕೂಡ ಸೊರಗಿದ್ದರೆ, ಒಂದು ಸ್ಪೀಕರಿನ ಕೆಂಪು ಮತ್ತು ಕಪ್ಪು ತಂತಿ ಅದಲುಬದಲಾಗಿದೆ. ನಾನೊಮ್ಮೆ ಇದನ್ನು ಗಮನಿಸದೆ, ಸರಿಹೋಗಲೆಂದು ಬೆರಳು ದಪ್ಪದ ಹೊಸ ಕೇಬಲ್ ತಂದು, ಅದನ್ನೂ ಹಾಗೇ ತಿರುಗಾಮುರುಗಾ ಜೋಡಿಸಿದ್ದೆ. ಕೇಬಲ್ಲಿಗೆ ದುಡ್ಡು ಸುರಿಯಬೇಡಿ.

ಜಾಗ ಸರಿಯಾಯಿತು ಎನಿಸಿದ ಕೂಡಲೇ ಸ್ಪೀಕರಿನ ಸುತ್ತ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಡಿ. ಮಾರನೇ ದಿನ ನೆಲ ಒರೆಸುವವರು ಅದನ್ನು ಮತ್ತೆ ಮೂಲೆಗೆ ತಳ್ಳಿರುತ್ತಾರೆ.