ಹದವನ್ನು ಬರೆದಿಡು, ಮಗಳೇ

ತುರುವೇಕೆರೆ

ಚಿರಂಜೀವಿ ಮಗಳೇ,

‘ದೊಡ್ಡಪ್ಪ, ನನ್ನ ಲ್ಯಾಪ್‌ಟಾಪಲ್ಲಿ ಕನ್ನಡ ಫಾಂಟು ಬಿಲ್ಡ್ ಆಗುತ್ತೆ, ಪ್ಯಾಕೇಜ್ ಮಾಡೋಕೆ ಹೋದರೆ ಫಾಂಟು ಕಟ್ಟೋ ಫಾಂಟ್‌ಫೋರ್ಜೇ ಇಲ್ಲ ಅನ್ನುತ್ತೆ’ ಅಂದೆಯಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಇದೇ ತಪ್ಪು ಮಾಡಿ ನಾನೂ ಮೂರು ದಿನ ಕಳೆದುಕೊಂಡವನು. ಅದಕ್ಕೇ ಈ ಕಾಗದ. ನಿನ್ನ ಓರಗೆಯವರೂ ಓದಲಿ.

ನಮ್ಮ ಅಟ್ಟ ನೆನಪಿದೆಯಾ? ಸುಲಿಯದ ಕಾಯಿಯನ್ನು ಅಲ್ಲಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅದೇ ಕಾಯಿ ತೇವ ತಗುಲಿದರೆ ಕೌಟು. ಕಾಯಿ ಒಂದೇ, ಹದ ಬೇರೆ. ಬಿಲ್ಡ್‌ನ ಸುತ್ತಲಿನ ಹದವೇ ಎನ್ವಿರಾನ್‌ಮೆಂಟ್ ವೇರಿಯಬಲ್.

ನೀನು ಬ್ಯಾಷ್‌ಆರ್‌ಸಿಯಲ್ಲಿ ಬರೆದ ಪಾತ್ ಎಂಬ ವೇರಿಯಬಲ್ ನಿನ್ನ ಟರ್ಮಿನಲ್ಲಿಗೆ ಗೊತ್ತು, ಲೋಕಕ್ಕೆ ಗೊತ್ತಿಲ್ಲ. ಪ್ಯಾಕೇಜ್ ಸಾಧನಗಳ ಪೈಕಿ ಎನ್‌ಪಿಎಂ ನಿನ್ನ ಶೆಲ್‌ನಲ್ಲಿ ಇದ್ದದ್ದನ್ನು ಕೊಂಡೊಯ್ದು ತನ್ನದನ್ನೂ ಸೇರಿಸುತ್ತದೆ. ನಿಕ್ಸ್ ಎಲ್ಲವನ್ನೂ ಅಳಿಸಿ, ಇಲ್ಲದ ಒಂದು ಫೋಲ್ಡರನ್ನು ಹೋಮ್ ಎಂದು ತೋರಿಸುತ್ತದೆ. ಅದು ಕಿರುಕುಳವಲ್ಲ. ನಿನ್ನ ಮನೆಯ ಗಾಳಿಯನ್ನೇ ನಂಬಿದ ಬಿಲ್ಡ್ ಇನ್ನೊಬ್ಬರ ಮನೆಯಲ್ಲಿ ಬೀಳುವ ಬದಲು ನಿನ್ನ ಕಣ್ಣೆದುರೇ ಬೀಳಲಿ ಎಂಬ ಕಾಳಜಿ.

ಹಾಗಾಗಿ ಬೇಕಾದದ್ದನ್ನೆಲ್ಲ ಪ್ಯಾಕೇಜಿನಲ್ಲೇ ಬರೆ. ಬರೆಯುವಾಗ ಪಾತ್‌ನ ಹಳೆಯ ಬೆಲೆಯನ್ನು ಅಳಿಸಬೇಡ, ಅದರ ಮುಂದೆ ನಿನ್ನದನ್ನು ಸೇರಿಸು. ಅಳಿಸಿದರೆ ಫಾಂಟ್‌ಫೋರ್ಜ್ ಸಿಕ್ಕೀತು, ದಿನಬಳಕೆಯ ಕಮಾಂಡುಗಳು ಕಾಣೆಯಾದಾವು. ಮೇಕ್‌ಫೈಲಿನಲ್ಲಿ ಒಂದೊಂದು ಕಮಾಂಡ್ ಸಾಲೂ ತನ್ನದೇ ಶೆಲ್‌ನಲ್ಲಿ ಓಡುತ್ತದೆ. ಮೇಲಿನ ಸಾಲಿನಲ್ಲಿ ಮಾಡಿದ ಎಕ್ಸ್‌ಪೋರ್ಟ್ ಕೆಳಗಿನ ಸಾಲಿಗೆ ಮುಟ್ಟುವುದಿಲ್ಲ. ನನ್ನ ಮೂರು ದಿನ ಹೋದದ್ದು ಇಲ್ಲೇ. ಫೈಲಿನ ತಲೆಯಲ್ಲಿ ಎಕ್ಸ್‌ಪೋರ್ಟ್ ಮಾಡು, ಇಲ್ಲವೇ ಆಯಾ ಕಮಾಂಡಿನ ಮುಂದೆಯೇ ಬೆಲೆ ಕೊಡು.

ಫಾಂಟಿಗೆ ಇನ್ನೊಂದು ಮಾತಿದೆ. ಟ್ರೂಟೈಪ್ ಫೈಲಿನೊಳಗೆ ಅದು ಹುಟ್ಟಿದ ಹೊತ್ತು ದಾಖಲಾಗುತ್ತದೆ. ಇವತ್ತು ಕಟ್ಟಿದ್ದು, ನಾಳೆ ಕಟ್ಟಿದ್ದು ಒಂದೇ ಆಗಬೇಕಾದರೆ ಸೋರ್ಸ್‌_ಡೇಟ್‌_ಇಪಾಕ್ ಎಂಬ ವೇರಿಯಬಲ್ ಬೇಕು. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅದರ ಬೆಲೆ. ಡೆಬಿಯನ್ ಲಿನಕ್ಸಿನ ಬಿಲ್ಡ್ ಸಾಧನ ಅದನ್ನು ಚೇಂಜ್‌ಲಾಗ್‌ನ ಕೊನೆಯ ದಿನಾಂಕದಿಂದ ತಾನೇ ತುಂಬುತ್ತದೆ, ಫಾಂಟ್‌ಫೋರ್ಜ್ ಅದನ್ನು ಗೌರವಿಸುತ್ತದೆ. ನಮ್ಮ ‘ಗುಬ್ಬಿ’ ಫಾಂಟು ಡೆಬಿಯನ್‌ನಲ್ಲಿದೆ. ನಿನ್ನದೂ ಅದರ ಪಕ್ಕ ಕೂರಬೇಕೆಂದರೆ ಈ ಶಿಸ್ತು ಇರಲಿ. ಫೈಲುಗಳನ್ನು ವಿಂಗಡಿಸುವ ಕ್ರಮವೂ ಭಾಷೆಯ ಸೆಟ್ಟಿಂಗ್ ನೋಡಿ ಬದಲಾಗುತ್ತದೆ, ಎಲ್‌ಸಿ_ಆಲ್‌ಗೆ ಸಿ.ಯುಟಿಎಫ್-8 ಎಂದು ಕೊಡು.

ಕಳಿಸುವ ಮುಂಚೆ ‘ಎನ್ವ್ -ಐ’ ಹಾಕಿ, ಬರಿಗೈ ಶೆಲ್‌ನಲ್ಲಿ ಒಮ್ಮೆ ಕಟ್ಟಿ ನೋಡು.

ಯಾವ ಕಾಯಿ ಯಾವ ಮೂಲೆಗೆ, ಒಲೆಯ ಹೊಗೆ ಎಷ್ಟು, ಮಳೆಗಾಲದಲ್ಲಿ ಯಾವ ಕಿಂಡಿ ಮುಚ್ಚಬೇಕು ಎಲ್ಲ ನಿಮ್ಮಜ್ಜಿಗೆ ಗೊತ್ತಿತ್ತು. ಯಾರೂ ಕೇಳಿ ಬರೆದಿಡಲಿಲ್ಲ. ಅವಳು ಹೋದ ವರ್ಷ ಅರ್ಧ ಅಟ್ಟ ಕೌಟಾಯಿತು. ನೀನು ಬರೆದಿಡು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ