ಅಗ್ನಿಶಿಖೆ – ಗೌರಮ್ಮನ ಹೂವು

ಮಳೆಗಾಲದಲ್ಲಿ ಬೆಟ್ಟ ಹತ್ತುವವರು ದಾರಿಬದಿಯ ಪೊದೆಗಳ ಮೇಲೆ ಬೆಂಕಿ ಹೊತ್ತಿಕೊಂಡ ಹಾಗೆ ಅರಳುವ ಹೂವೊಂದನ್ನು ನೋಡಿರುತ್ತೀರಿ. ಸಂಸ್ಕೃತದಲ್ಲಿ ಇದು ಅಗ್ನಿಶಿಖಾ, ಲಾಂಗಲಿ. ಮಲೆನಾಡಿನವರ ಬಾಯಲ್ಲಿ ಗೌರಿ ಹೂ, ಕೋಳಿಕುಟುಮ. ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಅರಳಿ ನಿಲ್ಲುವುದರಿಂದ ಗೌರಿ ಹೂವಾಯಿತು.

ಹೂವನ್ನು ಒಂದು ನಿಮಿಷ ನಿಂತು ನೋಡಿ. ಮುಖ ಭೂಮಿಯ ಕಡೆಗೆ, ಆರು ದಳಗಳು ಮಾತ್ರ ಜ್ವಾಲೆಯ ಹಾಗೆ ಮೇಲಕ್ಕೆ. ಅರಳುವಾಗ ಹಸಿರು ಬೆರೆತ ಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರಾ ಕೆಂಪು. ಒಂದೇ ದಳದಲ್ಲಿ ಅರಿಶಿನವೂ ಕುಂಕುಮವೂ! ಗೌರಮ್ಮನಿಗೆ ಇದಕ್ಕಿಂತ ಬೇರೆ ಹೂ ಬೇಕೆ ಅನ್ನಿಸುತ್ತದೆ. ತಮಿಳುನಾಡಿನಲ್ಲಿ ಇದು ಕಾಂದಳ್, ಬೆಟ್ಟದ ದೇವರಾದ ಮುರುಗನ ಹೂವು. ಆ ರಾಜ್ಯದ ರಾಜ್ಯಪುಷ್ಪವೂ ಹೌದು. ಆರು ದಳದಲ್ಲಿ ಷಣ್ಮುಖನ ಆರು ಮುಖ ಕಾಣುವವರಿದ್ದಾರೆ. ಲಾಂಗಲವೆಂದರೆ ನೇಗಿಲು. ಮಣ್ಣೊಳಗಿನ ಗಡ್ಡೆ ನೇಗಿಲಿನ ಹಾಗೇ ಬಾಗಿರುತ್ತದೆ.

ಆ ಗಡ್ಡೆಯ ವಿಷಯದಲ್ಲೇ ಎಚ್ಚರ ಬೇಕು. ಚಿಕ್ಕವನಿದ್ದಾಗ ಗೆಣಸು ಅಂದ್ಕೊಂಡು ಅಗೆದು ತಂದಿದ್ದೆ. ಅಜ್ಜಿ ಕೈಗೊಂದು ಏಟು ಕೊಟ್ಟು ಬೀಳಿಸಿದಳು. ಅಳುತ್ತಾ ಕೂತಿದ್ದೆ, ಯಾಕೆ ಹೊಡೆದಳೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಗಿಡದ ಎಲ್ಲ ಭಾಗವೂ ವಿಷ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಆಯುರ್ವೇದ ಇದನ್ನು ಉಪವಿಷಗಳಲ್ಲಿ ಎಣಿಸಿದೆ. ಇದರಲ್ಲಿರುವ ಕಾಲ್ಚಿಸಿನ್ ಎಂಬ ಅಂಶ ಗೌಟ್ ಎಂಬ ಕೀಲುನೋವಿಗೆ ಔಷಧಿ. ಅದಕ್ಕಾಗಿ ತಮಿಳುನಾಡಿನಲ್ಲಿ ಬೀಜಕ್ಕೋಸ್ಕರ ಬೆಳೆಯುತ್ತಾರೆ. ಹಾಗಂತ ಮನೆಯಲ್ಲಿ ಔಷಧಿ ಮಾಡೋಕೆ ಹೋಗಬೇಡಿ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ಪ್ರಾಣವೂ ಹೋಗಬಹುದು. ಯಾರಾದರೂ ತಿಂದಿದ್ದು ಗೊತ್ತಾದರೆ ಹರಕೆ ಆಮೇಲೆ ಕಟ್ಟಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಗಡ್ಡೆಯ ತುಂಡೊಂದನ್ನು ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಿರಿ.

ದೇವರ ಹೂ ಮನೆಯಲ್ಲೂ ಇರಲಿ ಎನ್ನುವವರು ನರ್ಸರಿಯಿಂದ ಗಡ್ಡೆ ತಂದು ಮಳೆ ಹಿಡಿಯುವ ಮುಂಚೆ ನೆಡಿ. ಬೆಟ್ಟದಿಂದ ಅಗೆಯಬೇಡಿ, ಅಗೆದು ಅಗೆದೇ ಎಷ್ಟೋ ಕಡೆ ಕಾಣದಂತಾಗಿದೆ. ಮೊಳಕೆ ಬರುವುದು ಗಡ್ಡೆಯ ತುದಿಯಿಂದ. ತುದಿ ಮುರಿದರೆ ಆಸೆ ಬಿಡಬೇಕು. ನೀರು ನಿಲ್ಲುವ ಜಾಗ ಆಗದು, ಕೊಳೆಯುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿದು ಹತ್ತುತ್ತದೆ, ಪಕ್ಕದಲ್ಲಿ ನಾಲ್ಕು ಕಡ್ಡಿ ನೆಟ್ಟರೆ ಸಾಕು. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತದೆ. ಸತ್ತಿತೆಂದು ಕಿತ್ತು ಎಸೆಯಬೇಡಿ, ಬೇಸಿಗೆಯಲ್ಲಿ ನೀರೂ ಹಾಕಬೇಡಿ. ಗಡ್ಡೆ ಮಣ್ಣೊಳಗೆ ಮಲಗಿರುತ್ತದೆ.

ಒಣಗಿದ ಕಾಯಿ ಬಿರಿದು ಕೆಂಪು ಬೀಜ ಉದುರುವ ಮೊದಲೇ, ಮಕ್ಕಳಿರುವ ಮನೆಯವರು ಕಾಯಿಗಳನ್ನು ಕತ್ತರಿಸಿ ಮಕ್ಕಳ ಕೈಗೆ ಸಿಗದಂತೆ ಹೂತುಬಿಡಿ.